ನಾಗಸಾಕಿಯ ಗುಪ್ತ ಕ್ರೈಸ್ತರು

1549ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರನು ಜಪಾನಿನ ಕಾಗೋಶಿಮಾ ಬಂದರಿನಲ್ಲಿ ಇಳಿದಂದಿನಿಂದ 1614ರಲ್ಲಿ ತೊಕುಗಾವಾ ಪ್ರಭುತ್ವವು ಕ್ರೈಸ್ತಮತವನ್ನು ದೇಶಾದ್ಯಂತ ನಿಷೇಧಿಸುವವರೆಗಿನ ವೃತ್ತಾಂತವನ್ನು ಬರೆದವರೆಲ್ಲರೂ ಸಾಮಾನ್ಯವಾಗಿ ಹುತಾತ್ಮರ ಚರಿತ್ರೆಗೇ ಅಗ್ರಸ್ಥಾನವನ್ನಿತ್ತಿದ್ದಾರೆ. ಅದು ಸಹಜವೇ. ಜಪಾನಿನ ಅಂದಿನ ಅಧಿಪತಿಯಾಗಿದ್ದ ಹಿದೆಯೋಶಿಯ ಆಜ್ಞೆಯಂತೆ 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕಾ ಗುಡ್ಡದ ಮೇಲೆ ಶಿಲುಬೆಗೇರಿದ 26 ಮಂದಿಯಲ್ಲಿ ನಮ್ಮ ವಸಾಯಿಯಲ್ಲಿ ಜನಿಸಿದ ಗೊನ್ಸಾಲೊ ಗಾರ್ಸಿಯಾ ಎಂಬ ಫ್ರಾನ್ಸಿಸ್ಕನ್ ಸಹೋದರನೂ ಒಬ್ಬನಾಗಿದ್ದನೆಂಬುದು ಭಾರತೀಯ ವಾಚಕರಿಗೆ ವಿಶೇಷವಾಗಿ ಸ್ಮರಣೀಯವಾದುದು. ಆದರೆ ಮತವೊಂದನ್ನು ನಿರ್ಮೂಲಗೊಳಿಸುವುದರಲ್ಲಿ ಖಡ್ಗಕ್ಕಿಂತಲೂ ದಫ್ತರವೇ ಹೆಚ್ಚು ಸಮರ್ಥವೆಂಬುದನ್ನು ತೊಕುಗಾವಾ ಅಧಿಕಾರಿಗಳು ಬಲುಬೇಗನೆ ಅರಿತುಕೊಂಡರೆಂದು ನನಗೆ ತೋರುತ್ತದೆ.

ಬಹುಪಾಲು ಕ್ರೈಸ್ತರಾಗಿದ್ದ ರೈತರ 1637-38ರ ಶಿಮಾಬಾರಾ ದಂಗೆಯನ್ನು ರಕ್ತಪ್ರವಾಹದಲ್ಲಿ ಅಡಗಿಸಿದ ತರುವಾಯ ಈ ದಫ್ತರದ ಬಲೆ ಮತ್ತಷ್ಟು ಬಿಗಿಯಾಯಿತು. ಪ್ರತಿಯೊಂದು ಕುಟುಂಬವೂ ಯಾವುದಾದರೊಂದು ಬೌದ್ಧ ದೇವಾಲಯದಲ್ಲಿ ತನ್ನ ಹೆಸರನ್ನು ದಾಖಲಿಸಿ, ತಾನು ಕ್ರೈಸ್ತನಲ್ಲವೆಂಬ ಪ್ರಮಾಣವನ್ನು ಪಡೆಯಬೇಕಾಗಿತ್ತು. ಐದೈದು ಮನೆಗಳ ಗುಂಪಿನಲ್ಲಿ ಒಂದು ಮನೆಯ ಅಪರಾಧಕ್ಕೆ ಉಳಿದ ಮನೆಗಳೂ ಹೊಣೆಯಾಗುತ್ತಿದ್ದವು. ಗುಪ್ತವಾಗಿ ಸುಳಿವನ್ನಿತ್ತವರಿಗೆ ಬೆಳ್ಳಿಯ ಬಹುಮಾನವನ್ನು ರಾಜಬೀದಿಯ ಫಲಕಗಳೇ ಸಾರುತ್ತಿದ್ದವು. ನಾಗಸಾಕಿಯಲ್ಲಂತೂ ವರ್ಷಕ್ಕೊಮ್ಮೆ ಕ್ರಿಸ್ತನ ಅಥವಾ ಮರಿಯಮ್ಮನವರ ಪ್ರತಿಮೆಯನ್ನು ಎಲ್ಲರೂ ಕಾಲಿನಿಂದ ಮೆಟ್ಟಬೇಕೆಂಬ ವಿಧಿಯಿತ್ತು. ಮೆಟ್ಟಿದವರು ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಪಠಿಸುತ್ತಿದ್ದರು. ಅವರನ್ನು ಹೇಡಿಗಳೆಂದು ಕರೆಯುವುದು ಸುಲಭ. ಆದರೆ ಮೆಟ್ಟದೆ ಮಡಿದವರಿಂದ ಸ್ಮೃತಿ ಉಳಿಯಿತು, ಮೆಟ್ಟಿ ಮನೆಗೆ ಹಿಂದಿರುಗಿದವರಿಂದ ಸಂತಾನವೂ ಸಮುದಾಯವೂ ಉಳಿದವು.

ಪಾದ್ರಿಗಳೊಬ್ಬರೂ ಇಲ್ಲದೆ ಇನ್ನೂರಕ್ಕೂ ಮಿಕ್ಕ ವರ್ಷಗಳನ್ನು ಹೀಗೆ ಗುಪ್ತ ಕ್ರೈಸ್ತರಾಗಿ ಉಳಿದ ರೈತರೂ ಬೆಸ್ತರೂ ಕಳೆದ ಬಗೆ ಹೇಗೆ? ಊರಿನ ಒಬ್ಬ ಹಿರಿಯನು ಉಪವಾಸ ಹಾಗೂ ಹಬ್ಬಗಳ ಪಂಚಾಂಗವನ್ನು ಕಾಪಾಡುತ್ತಿದ್ದನು. ಮತ್ತೊಬ್ಬನು ಶಿಶುಗಳಿಗೆ ಜ್ಞಾನಸ್ನಾನವನ್ನು ಮಾಡಿಸುತ್ತಿದ್ದನು. ಮಂತ್ರದಂತೆ ಬಾಯಿಪಾಠವಾಗಿ ಬಂದ ಪ್ರಾರ್ಥನೆಗಳಲ್ಲಿ ಲ್ಯಾಟಿನ್ ಮತ್ತು ಪೋರ್ತುಗೀಸ್ ಶಬ್ದಗಳು ಗುರುತು ಸಿಗದಷ್ಟು ಸವೆದಿದ್ದರೂ ಭಕ್ತಿ ಸವೆದಿರಲಿಲ್ಲ. ಮಗುವನ್ನೆತ್ತಿಕೊಂಡ, ಬೌದ್ಧರ ಕನ್ನೋನ್ ದೇವಿಯ ಮೂರ್ತಿಯು ಅವರ ಪಾಲಿಗೆ ಮರಿಯಮ್ಮನವರದೇ ಮೂರ್ತಿಯಾಗಿತ್ತು.

ಜಪಾನು ಪಾಶ್ಚಾತ್ಯರಿಗೆ ಮತ್ತೆ ಬಾಗಿಲು ತೆರೆದ ಮೇಲೆ, 1865ರ ಮಾರ್ಚ್ 17ರಂದು, ವಿದೇಶೀಯರ ಉಪಯೋಗಕ್ಕೆಂದು ನಾಗಸಾಕಿಯ ಓಉರಾದಲ್ಲಿ ಆಗಷ್ಟೇ ಕಟ್ಟಿದ್ದ ಇಗರ್ಜಿಗೆ ಉರಾಕಾಮಿ ಗ್ರಾಮದ ಕೆಲವರು ಬಂದು, ಫ್ರೆಂಚ್ ಪಾದ್ರಿ ಪೆತಿಜಾನರಿಗೆ ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಅರುಹಿ, ಮರಿಯಮ್ಮನವರ ಪ್ರತಿಮೆಯೆಲ್ಲಿ ಎಂದು ವಿಚಾರಿಸಿದರು. ಈ ಪ್ರಕಟಣೆಗೆ ಅವರು ತೆತ್ತ ಬೆಲೆ ಅಲ್ಪವಾದುದಲ್ಲ. 1867ರಲ್ಲಿ ಬಂಧನಗಳು ಆರಂಭವಾದವು. ಪ್ರಭುತ್ವವು ಬದಲಾದರೂ ನೀತಿ ಬದಲಾಗದೆ, ನೂತನ ಮೇಯ್ಜಿ ಸರ್ಕಾರವು ಸುಮಾರು 3,400 ಮಂದಿಯನ್ನು ದೂರದೂರದ ಪ್ರಾಂತಗಳಿಗೆ ಗಡೀಪಾರುಗೈದಿತು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಹಿಂದಿರುಗಲೇ ಇಲ್ಲ.

ಪಾಶ್ಚಾತ್ಯ ರಾಷ್ಟ್ರಗಳ ಆಕ್ಷೇಪಣೆಗೆ ಮಣಿದು 1873ರಲ್ಲಿ ನಿಷೇಧದ ಫಲಕಗಳನ್ನು ಕಿತ್ತುಹಾಕಿದರು. 1889ರ ರಾಜ್ಯಾಂಗವು ಮತಸ್ವಾತಂತ್ರ್ಯವನ್ನು ಲಿಖಿತವಾಗಿ ಅಂಗೀಕರಿಸಿತು. ಶಾಂತಿಸುವ್ಯವಸ್ಥೆಗೂ ಪ್ರಜಾಕರ್ತವ್ಯಕ್ಕೂ ವಿರೋಧ ಬಾರದಿದ್ದಲ್ಲಿ ಮಾತ್ರವೆಂಬ ನಿಬಂಧನೆ ಅದೇ ವಿಧಿಯಲ್ಲಿಯೇ ಇದ್ದಿತು.