ಅಪಸ್ಮಾರದ ಮೂಲಸ್ಥಾನ

ಅಪಸ್ಮಾರವು ಬಂದೆರಗಿದಾಗ ಮನೆಯವರು ರೋಗಿಯ ಬಾಯಿಯ ನೊರೆಯನ್ನೂ ಕೈಕಾಲುಗಳ ಸೆಳೆತವನ್ನೂ ಕಂಡು ಗಾಬರಿಗೊಳ್ಳುವರಲ್ಲದೆ, ಆ ಸೆಳೆತವು ಯಾವ ಅಂಗದಲ್ಲಿ ಮೊದಲಾಯಿತೆಂಬುದನ್ನು ಗಮನಿಸುವುದು ಅಪೂರ್ವ. ಕೈಯಲ್ಲಿ ಬೀಗದ ಕೈಗೊಂಚಲನ್ನಿಟ್ಟರೆ ನಿಲ್ಲುವುದೆಂಬ ನಂಬಿಕೆಯೊಂದು ನಮ್ಮಲ್ಲುಂಟು. ಸೆಳೆತವು ಬಹುಮಟ್ಟಿಗೆ ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲತಕ್ಕದ್ದಾದುದರಿಂದ, ಕೀರ್ತಿಯು ಕಬ್ಬಿಣಕ್ಕೆ ಸಲ್ಲುತ್ತ ಬಂದಿದೆ!

ಇದು ದೈವಕೋಪವಲ್ಲ, ಮೆದುಳಿನ ವ್ಯಾಧಿಯೆಂದು ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ನಿಂತಿರುವ ಗ್ರೀಕ್ ಗ್ರಂಥವೊಂದು ಕ್ರಿಸ್ತಪೂರ್ವದಲ್ಲಿಯೇ ಸಾರಿದ್ದಿತು. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನನು ತಾನು ಕಂಡ ಬಾಲಕನೊಬ್ಬನ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆ ಬಾಲಕನಿಗೆ ರೋಗವು ಕಣಕಾಲಿನಲ್ಲಿ ಮೊದಲಾಗಿ ತೊಡೆ, ಪಕ್ಕೆ, ಕೊರಳುಗಳ ಮಾರ್ಗವಾಗಿ ತಲೆಗೇರುತ್ತಿದ್ದಿತು. ಮತ್ತೊಬ್ಬ ಯುವಕನು ಅದನ್ನು ತಂಗಾಳಿಯಂತಿರುವುದೆಂದು ವರ್ಣಿಸಿದನು. ರೋಗವು ಕಾಲಿನಲ್ಲಿ ಹುಟ್ಟಿ ಮೆದುಳಿಗೆ ಏರುವುದೆಂದು ವೈದ್ಯರು ನಂಬಿದರು. ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ದಾರಿಯನ್ನು ತಡೆಯಲೂ ಯತ್ನಿಸಿದರು. ಕಂಡುದು ಸತ್ಯವಾಗಿದ್ದಿತು, ಊಹಿಸಿದುದು ತಲೆಕೆಳಗಾಗಿದ್ದಿತು.

ಅದನ್ನು ನೆಟ್ಟಗೆ ಮಾಡಿದವನು ಇಂಗ್ಲೆಂಡಿನ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್ (೧೮೩೫–೧೯೧೧). ಪಾರ್ಶ್ವವಾಯು ಬಡಿದ ಅಜ್ಜಿಯ ದುಃಸ್ಥಿತಿಯನ್ನು ಕಂಡು ಮರುಗಿದ ಜೊಹನ್ನಾ ಚಾಂಡ್ಲರಳೂ ಆಕೆಯ ಒಡಹುಟ್ಟಿದವರೂ ಲಂಡನ್ನಿನ ಕ್ವೀನ್ ಸ್ಕ್ವೇರಿನಲ್ಲಿ ಪಾರ್ಶ್ವವಾಯು ಮತ್ತು ಅಪಸ್ಮಾರದ ರೋಗಿಗಳಿಗಾಗಿ ೧೮೫೯ರಲ್ಲಿ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ಜ್ಯಾಕ್ಸನ್ನನು ೧೮೬೨ರಲ್ಲಿ ಅಲ್ಲಿ ವೈದ್ಯನಾದನು. ಎರಡು ರೋಗಗಳ ರೋಗಿಗಳನ್ನೂ ಒಂದೇ ಸೂರಿನಡಿ ಕಂಡುದು ಆತನ ಭಾಗ್ಯವೆನ್ನಬೇಕು. ಅಪಸ್ಮಾರದ ಕೆಲವರಲ್ಲಿ ಸೆಳೆತವು ಹೆಬ್ಬೆರಳಿನಲ್ಲಿಯೋ, ಬಾಯಿಯ ಕೊನೆಯಲ್ಲಿಯೋ, ಕಾಲಿನ ಹೆಬ್ಬೆರಳಿನಲ್ಲಿಯೋ ತೊಡಗಿ, ಸೈನ್ಯವು ನಡೆದಂತೆ ಕ್ರಮವಾಗಿ ಒಂದು ಪಾರ್ಶ್ವವನ್ನೆಲ್ಲ ಆಕ್ರಮಿಸುವುದನ್ನು ಆತನು ಲಕ್ಷಿಸಿದನು. ಬೆರಳು ಅಲುಗಿದುದು ಬೆರಳಿನ ದೋಷದಿಂದಲ್ಲ. ಎದುರು ಪಾರ್ಶ್ವದ ಮೆದುಳಿನಲ್ಲಿ ಆ ಬೆರಳನ್ನಾಳುವ ಸ್ಥಾನದಲ್ಲಿ ಶಕ್ತಿಯು ಹಠಾತ್ತನೆ ಸಿಡಿಯುವುದರಿಂದ. ಆ ಸ್ಥಾನವು ನಾಶವಾದರೆ ಅಂಗವು ಜೋತುಬೀಳುವುದು, ಅದೇ ಪಾರ್ಶ್ವವಾಯು, ಕೆರಳಿದರೆ ಸೆಳೆತ. ಸೆಳೆತದ ಬಳಿಕ ಅಂಗವು ಕೆಲಕಾಲ ಶಕ್ತಿಗುಂದಿ ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಅದನ್ನು ಪಾರ್ಶ್ವವಾಯುವೆಂದು ಭ್ರಮಿಸಬಾರದು. ೧೮೭೦ರಲ್ಲಿ ಜರ್ಮನಿಯ ಫ್ರಿಚ್ ಮತ್ತು ಹಿಟ್ಜಿಗ್ ನಾಯಿಯ ಮೆದುಳಿಗೆ ವಿದ್ಯುತ್ತನ್ನು ಮುಟ್ಟಿಸಿ ಎದುರು ಪಾರ್ಶ್ವದ ಅಂಗಗಳು ಚಲಿಸುವುದನ್ನು ತೋರಿಸಿದ ಮೇಲೆ ಈ ತರ್ಕಕ್ಕೆ ಪ್ರತ್ಯಕ್ಷಪ್ರಮಾಣ ದೊರೆಯಿತು. ಆದರೆ ತರ್ಕವು ಆತನ ಮನೆಯನ್ನು ಉಳಿಸಲಿಲ್ಲ. ಆತನ ಪತ್ನಿಯೂ ಇಂತಹ ಸೆಳೆತಗಳಿಂದ ಬಳಲಿ ೧೮೭೬ರಲ್ಲಿ ತೀರಿಕೊಂಡಳು.

೧೮೮೪ನೆಯ ನವೆಂಬರ್ ೨೫ರಂದು ಲಂಡನ್ನಿನಲ್ಲಿ ರಿಕ್ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯನು ಇಪ್ಪತ್ತೈದರ ಪ್ರಾಯದ ರೈತನೊಬ್ಬನ ತಲೆಬುರುಡೆಯನ್ನು ತೆರೆದನು. ಹೊರಗೆ ಯಾವ ಗುರುತೂ ಇರಲಿಲ್ಲ. ಎಡಮುಖ ಎಡಗೈಗಳ ಸೆಳೆತವೂ ಬಲಹೀನತೆಯೂ ಮಾತ್ರ ದಾರಿ ತೋರಿದುವು. ಊಹಿಸಿದ ಸ್ಥಳದಲ್ಲಿಯೇ ಗಡ್ಡೆಯು ಸಿಕ್ಕಿತು. ರೋಗಿಯು ಸುಮಾರು ನಾಲ್ಕು ವಾರಗಳ ತರುವಾಯ ಗಾಯವು ಕೆಟ್ಟು ಮೃತನಾದನು. ೧೮೮೬ರ ಮೇ ೨೫ರಂದು ಕ್ವೀನ್ ಸ್ಕ್ವೇರಿನಲ್ಲಿ ವಿಕ್ಟರ್ ಹಾರ್ಸ್ಲಿಯು, ಬಾಲ್ಯದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದ ಇಪ್ಪತ್ತೆರಡರ ತರುಣನೊಬ್ಬನ ಮೆದುಳಿನ ಕಲೆಯನ್ನು ಕತ್ತರಿಸಿ ತೆಗೆದನು. ಅವನ ಸೆಳೆತಗಳು ನಿಂತುವು.

ಮೆದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಬರೆಯಿಸುವ ವಿಧಾನವನ್ನು ಹಾನ್ಸ್ ಬರ್ಗರನು ೧೯೨೪ರಲ್ಲಿ ಮನುಷ್ಯರಲ್ಲಿ ಸಾಧಿಸಿದನು. ೧೯೭೧ರಿಂದ ಈಚೆಗೆ ಸ್ಕ್ಯಾನ್ ಯಂತ್ರಗಳು ತಲೆಯೊಳಗನ್ನು ಚಿತ್ರಿಸುತ್ತಿವೆ. ಆದರೂ ವೈದ್ಯನು ಮನೆಯವರನ್ನು, ಮೊದಲು ಅಲುಗಿದುದು ಯಾವ ಕೈ, ಕಣ್ಣು ಯಾವ ಕಡೆಗೆ ತಿರುಗಿತು, ಎಂದು ಕೇಳದೆ ಬಿಡನು. ಪಾರ್ಶ್ವವಾಯುವಾದರೆ, ಎಷ್ಟು ಗಂಟೆಗೆ ಮೊದಲಾಯಿತೆಂದು ಕೇಳುವನು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗಿರುವುದು.