ದಿಲ್ಲಿಯಲ್ಲಿ ಹೆಪ್ಪುಗಟ್ಟಿದ ಭಾನುವಾರ

ಬ್ಯಾಂಕಿನ ನೌಕರಿಯಲ್ಲಿ ಐದು ವರ್ಷ ದಿಲ್ಲಿಯಲ್ಲಿದ್ದೆ ಅಂದರೆ ತುಮಕೂರಿನ ನಮ್ಮ ನೆಂಟರು ಮೊದಲು ಕೇಳುವುದು, "ಅಲ್ಲಿ ಹಿಮ ಬೀಳುತ್ತಂತಲ್ಲಾ?" ಅಂತ. ಇಲ್ಲ, ಬೀಳುವುದಿಲ್ಲ. ದಿಲ್ಲಿ ಬಯಲುಸೀಮೆಯ ಊರು, ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರು. ಆದರೆ ಅದೇ ಊರಿನಲ್ಲಿ ಒಂದು ಬೆಳಗ್ಗೆ ನನ್ನ ಸ್ಕೂಟರಿನ ಸೀಟಿನ ಮೇಲೆ ಮಂಜುಗಡ್ಡೆ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವತ್ತು 2006ರ ಜನವರಿ 8, ಭಾನುವಾರ. ಹಾಲು ತರಲು ಕೆಳಗಿಳಿದೆ. ಸೀಟಿನ ಮೇಲೆ ಯಾರೋ ರಂಗೋಲಿ ಪುಡಿ ಚೆಲ್ಲಿದ್ದಾರೆ ಅಂದುಕೊಂಡು ಕೈಯಲ್ಲಿ ಒರೆಸಿದರೆ ಬೆರಳು ಜುಮ್ಮೆಂದಿತು. ಎದುರಿನ ಪಾರ್ಕಿನ ಹುಲ್ಲೂ ಬೆಳ್ಳಗಾಗಿತ್ತು. ಹೆಪ್ಪುಗಟ್ಟಿದ ಈ ಇಬ್ಬನಿಗೆ ಅಲ್ಲಿಯವರು 'ಪಾಲಾ' ಅನ್ನುತ್ತಾರೆ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಅವತ್ತು ದಾಖಲಾದದ್ದು 0.2 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿದದ್ದು 1935ರ ಜನವರಿ 16ರಂದು, ಸೊನ್ನೆಗಿಂತ 0.6 ಡಿಗ್ರಿ ಕಡಿಮೆ. ಅಂದರೆ ಎಪ್ಪತ್ತು ವರ್ಷಕ್ಕೊಮ್ಮೆ ಬಂದ ಚಳಿ! ಚಿಕ್ಕ ಮಕ್ಕಳ ಶಾಲೆಗಳಿಗೆ ರಜೆ ಕೊಟ್ಟರು.

0.2 ಡಿಗ್ರಿ ಯಾವ ಲೆಕ್ಕ, ಶಿಮ್ಲಾದಲ್ಲಿ ಜನ ಬದುಕುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ವ್ಯತ್ಯಾಸ ಇರುವುದು ಮನೆಗಳಲ್ಲಿ. ದಿಲ್ಲಿಯ ಮನೆ ಕಟ್ಟುವುದು ಸೆಕೆ ತಡೆಯಲಿಕ್ಕೆ. ಮೊಸಾಯಿಕ್ ನೆಲ, ಎತ್ತರದ ಚಾವಣಿ, ಸರಿಯಾಗಿ ಮುಚ್ಚದ ಕಿಟಕಿ. ಜನವರಿಯಲ್ಲಿ ಆ ನೆಲದ ಮೇಲೆ ಬರಿಗಾಲಿಡುವುದು ಶಿಕ್ಷೆ. ನಮ್ಮ ಮನೆಯಾಕೆಗೆ ದೋಸೆ ಹಿಟ್ಟು ಎರಡು ದಿನವಾದರೂ ಹುದುಗು ಬರಲಿಲ್ಲವೆಂಬ ಸಂಕಟ. ಕೊನೆಗೆ ಹಿಟ್ಟಿನ ಪಾತ್ರೆಗೆ ನನ್ನ ಹಳೇ ಸ್ವೆಟರ್ ತೊಡಿಸಿ ಗೀಸರ್ ಪಕ್ಕದಲ್ಲಿ ಇಟ್ಟಳು. ಮೊಸರನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರೆ ಮಾತ್ರ ಹೆಪ್ಪಾಗುತ್ತಿತ್ತು. ಕೊಬ್ಬರಿ ಎಣ್ಣೆಯಂತೂ ನವೆಂಬರ್‌ನಲ್ಲೇ ಕಲ್ಲು.

ಸ್ವೆಟರ್ ಅಂದಾಗ ನೆನಪಾಯಿತು. ಕೆಂಪುಕೋಟೆಯ ಹತ್ತಿರ ಚಳಿಗಾಲದಲ್ಲಿ ಟಿಬೆಟಿನವರು ಉಣ್ಣೆ ಬಟ್ಟೆ ಮಾರಲು ಕೂರುತ್ತಾರೆ. ಮೊದಲ ವರ್ಷ ನಾವು ಅಲ್ಲಿ ಹರಕು ಹಿಂದಿಯಲ್ಲಿ ಚೌಕಾಶಿ ಮಾಡುತ್ತಿದ್ದೆವು. ನನ್ನ ಹೆಂಡತಿ "ಜಾಸ್ತಿ ಹೇಳ್ತಾ ಇದ್ದಾಳೆ, ಬನ್ನಿ ಹೋಗೋಣ" ಅಂದಳು. ಅಂಗಡಿಯಾಕೆ ನಕ್ಕು, "ಜಾಸ್ತಿ ಇಲ್ಲ ಅಕ್ಕಾ, ಕೂತ್ಕೊಳಿ, ಕಮ್ಮಿ ಮಾಡಿ ಕೊಡ್ತೀನಿ" ಅನ್ನಬೇಕೇ! ಆಕೆ ಹುಟ್ಟಿ ಬೆಳೆದದ್ದು ಬೈಲಕುಪ್ಪೆಯಲ್ಲಿ. ಹಿಮದ ನಾಡಿನವರ ಮಗಳು ಕನ್ನಡ ನಾಡಿನಿಂದ ಬಂದು ದಿಲ್ಲಿಯ ಚಳಿಗೆ ನಮಗೆ ಸ್ವೆಟರ್ ಮಾರಿದಳು.

ಬಯಲುಸೀಮೆಯ ಈ ಚಳಿಗೆ ಒಂದು ಇತಿಹಾಸವೂ ಇದೆ. ನಾವು ಹೆದರುವ ಇದೇ ಮಂಜುಗಡ್ಡೆಗೆ ಒಂದು ಕಾಲದಲ್ಲಿ ಜನ ಹಾತೊರೆಯುತ್ತಿದ್ದರು. ಅಕ್ಬರನ ಆಸ್ಥಾನ 1585ರ ಹೊತ್ತಿಗೆ ಪಂಜಾಬಿಗೆ ಹೋದ ಮೇಲೆ, ಲಾಹೋರಿಗೆ ಉತ್ತರದ ಬೆಟ್ಟಗಳಿಂದ ದೋಣಿ, ಗಾಡಿ, ಆಳುಗಳ ಮೂಲಕ ಹಿಮ ತರಿಸುತ್ತಿದ್ದರೆಂದು ಅಬುಲ್ ಫಜಲ್ 'ಆಯಿನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಅದಕ್ಕೂ ಮೊದಲು ನೀರು ತಣ್ಣಗಾಗಿಸಲು ಪೆಟ್ಲುಪ್ಪೇ ಗತಿ.

ಬೆಟ್ಟದಿಂದ ತರಿಸಲಾಗದವರು ಏನು ಮಾಡುತ್ತಿದ್ದರು? ಇದನ್ನು ಸರ್ ರಾಬರ್ಟ್ ಬಾರ್ಕರ್ ಎಂಬ ಅಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರವಾಗಿ ಬರೆದ. ಅಲಹಾಬಾದಿನ ಬಯಲಿನಲ್ಲಿ ಮೂವತ್ತು ಅಡಿ ಚೌಕದ, ಎರಡು ಅಡಿ ಆಳದ ಗುಂಡಿಗಳನ್ನು ತೋಡುತ್ತಿದ್ದರು. ತಳದಲ್ಲಿ ಒಣಗಿದ ಕಬ್ಬಿನ ಅಥವಾ ಜೋಳದ ದಂಟನ್ನು ಒಂದು ಅಡಿಯಷ್ಟು ಹಾಸುತ್ತಿದ್ದರು. ಅದರ ಮೇಲೆ ಸಾಲಾಗಿ ಮಣ್ಣಿನ ತೆಳು ತಟ್ಟೆಗಳು. ಮುಸ್ಸಂಜೆಗೆ ಕಾಯಿಸಿ ಆರಿಸಿದ ನೀರು ತುಂಬಿಸಿ, ಸೂರ್ಯ ಹುಟ್ಟುವ ಮೊದಲೇ ಬಂದು ಮಂಜುಗಡ್ಡೆ ಬುಟ್ಟಿಗೆ ತುಂಬಿಕೊಳ್ಳುವುದು. ಹದಿನಾಲ್ಕು ಹದಿನೈದು ಅಡಿ ಆಳದ ಗುಂಡಿಗೆ ಹುಲ್ಲು, ಕಂಬಳಿ ಹಾಸಿ, ಅದರೊಳಗೆ ಗಟ್ಟಿಯಾಗಿ ಬಡಿದು ಬೇಸಿಗೆಗೆ ಕೂಡಿಡುವುದು. ನಮ್ಮವರು ಹಗೇವಿನಲ್ಲಿ ರಾಗಿ ಇಟ್ಟ ಹಾಗೆ!

ಸೋಜಿಗವೆಂದರೆ, ಆ ಊರಿನ ಕೆರೆಗಳಲ್ಲಾಗಲಿ ರಸ್ತೆಯಲ್ಲಿ ನಿಂತ ನೀರಿನಲ್ಲಾಗಲಿ ಮಂಜುಗಡ್ಡೆ ಕಂಡವರಿಲ್ಲ ಅಂತಲೂ ಬಾರ್ಕರ್ ಬರೆದಿದ್ದಾನೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಬಿಸಿ ಆಕಾಶಕ್ಕೆ ಹೋಗಿಬಿಡುತ್ತದೆ. ಆಳೆತ್ತರದಲ್ಲಿ ಗಾಳಿ ಸೊನ್ನೆಗಿಂತ ಮೇಲಿದ್ದರೂ ನೆಲಮಟ್ಟದಲ್ಲಿ ಅದಕ್ಕಿಂತ ಕೆಳಗಿಳಿಯಬಹುದು. ದಂಟಿನ ಹಾಸು ಭೂಮಿಯ ಬಿಸಿಯನ್ನೂ ತಡೆಯುತ್ತಿತ್ತು. ನನ್ನ ಸ್ಕೂಟರಿನ ಸೀಟಿಗೆ ಆದದ್ದೂ ಅದೇ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತೆಗೆ ಬಂದಿಳಿಯಿತು. ಆಮೇಲೆ ಕಾರ್ಖಾನೆಯ ಐಸ್ ಬಂತು. ತಟ್ಟೆಯ ಕಸುಬು ಮರೆತುಹೋಯಿತು.

ಈ ಕಥೆ ಓದಿದಾಗಲೆಲ್ಲ ನನಗೆ ಒಂದು ವಿಷಯ ಚುಚ್ಚುತ್ತದೆ. ನೆಲಮಟ್ಟದ ಆ ಚಳಿಯಲ್ಲಿ ಬರೀ ಮಣ್ಣಿನ ತಟ್ಟೆಗಳಿರುವುದಿಲ್ಲ. ಮನುಷ್ಯರೂ ಮಲಗಿರುತ್ತಾರೆ.

ನಮ್ಮ ಶಾಖೆಯ ವರಾಂಡದಲ್ಲಿ ಒಬ್ಬ ರಿಕ್ಷಾವಾಲ ರಾತ್ರಿ ಮಲಗುತ್ತಿದ್ದ. ಬಿಹಾರದ ಕಡೆಯವನು. ನಮ್ಮಲ್ಲಿಂದಲೇ ಖಾಲಿ ರಟ್ಟಿನ ಡಬ್ಬ ಕೇಳಿ ಪಡೆದು ಹಾಸಿಕೊಳ್ಳುತ್ತಿದ್ದ. ಬಾರ್ಕರ್ ಕಂಡ ದಂಟಿನ ಹಾಸಿನ ಹಾಗೆ ಅಲ್ಲ, ಇದು ನೆಲದ ತಣ್ಣಗೆ ತಡೆಯಲಿಕ್ಕೆ. ಗ್ರಾಹಕರು ದೂರು ಕೊಟ್ಟರು. ಭದ್ರತೆಯ ಪ್ರಶ್ನೆಯೂ ಇತ್ತು. ಡಿಸೆಂಬರ್ ಕೊನೆಯ ವಾರ ಅವನನ್ನು ಎಬ್ಬಿಸಿ ಕಳಿಸಬೇಕೆಂದು ಗಾರ್ಡಿಗೆ ಬರೆದುಕೊಟ್ಟ ಚೀಟಿಗೆ ಸಹಿ ಮಾಡಿದವನು ನಾನೇ. ಆ ಭಾನುವಾರದ ಮಾರನೆಯ ದಿನ ಗಾರ್ಡನ್ನು ಕೇಳಿದೆ. "ಪತಾ ನಹೀ ಸಾಬ್" ಅಂದ. ಊರಿಗೆ ಹೋಗಿದ್ದನೋ, ಬೇರೆ ಜಾಗ ಹಿಡಿದಿದ್ದನೋ. ಮತ್ತೆ ಅವನು ಕಾಣಲಿಲ್ಲ. ನಿಯಮದ ಪ್ರಕಾರ ನನ್ನದು ಸರಿಯೇ. ಆದರೆ ಲೆಕ್ಕ ತಾಳೆಯಾಗಲಿಲ್ಲ.

ಹೀಗೆ ಎಬ್ಬಿಸಿದ ಪ್ರಕರಣವೇ ಮುಂದೆ ನ್ಯಾಯಾಲಯದವರೆಗೂ ಹೋಯಿತು. 2009ರ ಡಿಸೆಂಬರ್‌ನಲ್ಲಿ, ಚಳಿಯ ನಡುವೆ, ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ತಂಗುದಾಣವನ್ನು ಪಾಲಿಕೆ ತೆಗೆಸಿತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ದಿಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಯಿಲ್ಲದವರಿಗೆ ಆಸರೆ ಒದಗಿಸಲು ಆದೇಶಿಸಿತು. ಅದೇ ವರ್ಷ ದಿಲ್ಲಿಯಲ್ಲಿ ಇದಕ್ಕಾಗಿ ಒಂದು ಮಂಡಳಿಯೂ ರಚನೆಯಾಯಿತು. 'ರೈನ್ ಬಸೇರಾ' ಎಂಬ ರಾತ್ರಿ ತಂಗುದಾಣಗಳು ಹೆಚ್ಚಿದವು. ಸಾಲದು, ಆದರೂ ನನ್ನ ಕಾಲಕ್ಕಿಂತ ಮೇಲು.

2019ರ ಫೆಬ್ರವರಿ 7ರಂದು ನೊಯಿಡಾದಲ್ಲಿ ಆಲಿಕಲ್ಲು ಸುರಿದು ರಸ್ತೆಯೆಲ್ಲ ಬೆಳ್ಳಗಾಯಿತು. ಅಷ್ಟು ಹೊತ್ತಿಗೆ ನಾನು ತುಮಕೂರಿಗೆ ಮರಳಿದ್ದೆ. ಹಳೇ ಸಹೋದ್ಯೋಗಿ "ನಮ್ಮದೂ ಶಿಮ್ಲಾ ಆಯಿತು ಸಾರ್" ಅಂತ ಫೋಟೋ ಕಳಿಸಿದರು. ಅದು ಹಿಮವಲ್ಲ, ಗುಡುಗಿನ ಮೋಡ ಉದುರಿಸಿದ ಕಲ್ಲು. ಆದರೆ ಗಾಡಿಯ ಚಕ್ರಕ್ಕೆ ಎರಡೂ ಒಂದೇ. ಬೆಟ್ಟದ ಊರುಗಳಲ್ಲಿ ಹಿಮ ಸರಿಸುವ ಯಂತ್ರವಿದೆ, ಚಕ್ರಕ್ಕೆ ಸರಪಳಿ ಕಟ್ಟುವ ರೂಢಿಯಿದೆ. ಬಯಲಿನವರಿಗೆ ಅದ್ಯಾವುದೂ ಇಲ್ಲ. "ಚೆನ್ನಾಗಿದೆ. ಸ್ಕೂಟರ್ ತೆಗೀಬೇಡಿ, ಬ್ರೇಕ್ ಹಿಡಿದರೆ ಜಾರುತ್ತೆ" ಅಂತ ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು ಸೇರಿಸಿದೆ: "ವರಾಂಡದಲ್ಲಿ ಯಾರಾದರೂ ಮಲಗಿದ್ದರೆ ಇವತ್ತೊಂದಿನ ಎಬ್ಬಿಸಬೇಡಿ."