ಮೂಕಪ್ರಾಣಿಯ ಹಲ್ಲುನೋವು: ದಂಡಿನ ಲಾಯದಿಂದ ಇಂದಿರಾನಗರದವರೆಗೆ

ಬ್ರಿಟಿಷರ ಸೈನ್ಯವು 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿದಾಗ, ಬೆಂಗಳೂರಿನ ಪೂರ್ವಭಾಗದಲ್ಲಿ ಮನುಷ್ಯರ ಜೊತೆಗೆ ಪ್ರಾಣಿಗಳದೂ ಒಂದು ಊರು ತಲೆಯೆತ್ತಿತು. ಅಶ್ವದಳದ ಕುದುರೆಗಳು, ಸಾಮಗ್ರಿ ಸಾಗಿಸುವ ಎತ್ತುಗಳು, ಅಧಿಕಾರಿಗಳ ಬಂಗಲೆಗಳ ನಾಯಿಗಳು ದಂಡಿನ ಬದುಕಿನ ಅಂಗವಾದವು. ಇಂದು ಕಾಮರಾಜ ರಸ್ತೆ ಎನಿಸಿರುವ ಬೀದಿಗೆ ಹಿಂದೆ ಕ್ಯಾವಲ್ರಿ ರಸ್ತೆ ಎಂಬ ಹೆಸರಿದ್ದುದು ಆ ಕಾಲದ ಕುರುಹು. ಈ ಪ್ರಾಣಿಗಳ ಬಾಯಿಯನ್ನು ಯಾರು, ಯಾವ ಉದ್ದೇಶದಿಂದ ತೆರೆದು ನೋಡುತ್ತಿದ್ದರು ಎಂಬ ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಇದೇ ಪ್ರದೇಶದಲ್ಲಿ ಇಂದು ಸಾಕುನಾಯಿಯ ಹಲ್ಲಿನ ಚಿಕಿತ್ಸೆಗೆ ಸಾವಿರಾರು ರೂಪಾಯಿ ತೆತ್ತು, ಮೋಸಹೋದೆವೆಂಬ ಭಾವದಿಂದ ಮನೆಗೆ ಮರಳುವ ಗೃಹಸ್ಥರಿದ್ದಾರೆ. ಅವರ ಅಸಮಾಧಾನದ ಬೇರು ಈ ಹಳೆಯ ಪ್ರಶ್ನೆಯಲ್ಲಿಯೇ ಇದೆ.

ಕುದುರೆಯ ಹಲ್ಲು ಬಹುಕಾಲ ಒಸಡಿನಿಂದ ಮೇಲೇರುತ್ತಲೇ ಇರುತ್ತದೆ; ಮೇವನ್ನು ಅರೆಯುತ್ತ ಸವೆಯುತ್ತಲೂ ಇರುತ್ತದೆ. ಸವೆತ ಸಮನಾಗಿರದಿದ್ದರೆ ದವಡೆಹಲ್ಲಿನ ಅಂಚು ಅಲಗಿನಂತಾಗಿ ಕೆನ್ನೆಯ ಒಳಭಾಗವನ್ನೂ ನಾಲಗೆಯನ್ನೂ ಗಾಯಗೊಳಿಸುತ್ತದೆ. ಉದ್ದ ಹಿಡಿಕೆಯ ಅರದಿಂದ ಆ ಅಂಚನ್ನು ಉಜ್ಜಿ ಸಮಮಾಡುವುದೇ ಇದಕ್ಕೆ ಪರಿಹಾರ. ಬ್ರಿಟಿಷ್ ಅಶ್ವದಳಗಳಿಗೆ 1796ರಿಂದಲೇ ಪಶುವೈದ್ಯರ ನೇಮಕವಾಗತೊಡಗಿತ್ತು. ಇದರಲ್ಲಿ ಕರುಣೆಗಿಂತ ಪ್ರಯೋಜನದೃಷ್ಟಿಯೇ ಮುಂದಾಗಿತ್ತೆನ್ನಬೇಕು. ಬಾಯಿ ನೋಯುವ ಕುದುರೆ ಕಡಿವಾಣಕ್ಕೆ ಒಗ್ಗುವುದಿಲ್ಲ. ಕಡಿವಾಣಕ್ಕೆ ಒಗ್ಗದ ಕುದುರೆ ಸೈನ್ಯಕ್ಕೆ ಬೇಡ.

ನಮ್ಮ ಸಂತೆಗಳಲ್ಲಿಯೂ ಬಾಯಿ ತೆರೆಸುವುದು ಬೆಲೆ ಕಟ್ಟುವುದಕ್ಕಾಗಿಯೇ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂದು ಎತ್ತಿನ ವಯಸ್ಸನ್ನು ಎಣಿಸುವ ರೈತನ ಜಾಣ್ಮೆ ಸಾಮಾನ್ಯವಾದುದಲ್ಲ. ಆದರೆ ಹಲ್ಲು ಇಲ್ಲಿ ಪ್ರಾಣಿಯ ಅವಯವವೆನ್ನುವುದಕ್ಕಿಂತ ವ್ಯಾಪಾರದ ಮುದ್ರೆ.

ಹಾಗೆಂದು ಪಶುಚಿಕಿತ್ಸೆಯನ್ನು ಪರಕೀಯರೇ ಈ ನಾಡಿಗೆ ಕಲಿಸಿದರೆಂದು ಭಾವಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆರಂಭಕಾಲದಲ್ಲಿಯೇ ಚಾಲುಕ್ಯ ರಾಜವಂಶದ ಜೈನಕವಿ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ ಬಂದಿತು. ಅರಮನೆಯ ನಂಟುಳ್ಳ ಒಬ್ಬ ಶ್ರಾವಕನು ಕಾವ್ಯಕ್ಕಷ್ಟೇ ಮನಸೋಲದೆ ಹಸುವಿನ ರೋಗಗಳ ಬಗೆಗೆ ಲೇಖನಿ ಹಿಡಿದನೆಂಬುದು ಅಭಿಮಾನದ ಸಂಗತಿ. ಆ ಪರಂಪರೆ ಮುಂದೆ ಹಳ್ಳಿಯ ನಾಟಿವೈದ್ಯರಲ್ಲಿ ಅಷ್ಟಿಷ್ಟು ಉಳಿಯಿತೇ ಹೊರತು ನಗರದ ಬೀದಿಗಳವರೆಗೆ ಬರಲಿಲ್ಲ.

ಬರದಿದ್ದುದರ ಫಲವನ್ನು ಉಂಡದ್ದು ಜಟಕಾ ಕುದುರೆ. ಆಗ ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರದಲ್ಲಿ ಜಟಕಾ ಓಡಿಸುತ್ತಿದ್ದವರು ಬಡವರು. ದಂಡಿನ ಪಶುವೈದ್ಯರ ಸೇವೆ ದಂಡಿನ ಕುದುರೆಗಳಿಗೆ. ಹಲ್ಲು ಕೆಟ್ಟ ಕುದುರೆ ಹುಲ್ಲನ್ನು ಅರ್ಧ ಅಗಿದು ಉಂಡೆಯಾಗಿ ಉಗುಳುತ್ತದೆ, ತಿಂದ ಹುರುಳಿ ಜೀರ್ಣವಾಗದೆ ಲದ್ದಿಯಲ್ಲಿ ಹಾಗೆಯೇ ಬೀಳುತ್ತದೆ. ಮೈ ಬಡಕಲಾಗಿ ನಡಿಗೆ ಕುಂದಿದ ಪ್ರಾಣಿಗೆ ದೊರೆಯುವುದು ಚಾಟಿ. 1890ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಹೊಡೆತವನ್ನೂ ಅತಿಭಾರವನ್ನೂ ಅಪರಾಧವೆಂದಿತು. ಪ್ರಾಣಿಯ ಯೋಗಕ್ಷೇಮವನ್ನು ನೋಡಿಕೊಂಡು, ಅನಗತ್ಯ ನೋವನ್ನು ತಡೆಯಲು ಯುಕ್ತ ಕ್ರಮ ಕೈಗೊಳ್ಳುವುದು ಸಾಕುವವನ ಕರ್ತವ್ಯವೆಂದು ಸ್ಪಷ್ಟವಾಗಿ ಸಾರಿದ್ದು 1960ರ ಕಾಯಿದೆಯ 3ನೆಯ ಕಲಮು.

ದಂಡುಪ್ರದೇಶವು 1947ರಲ್ಲಿ ಮೈಸೂರು ಸರ್ಕಾರಕ್ಕೆ ಮರಳಿತು. ಹೆಬ್ಬಾಳದಲ್ಲಿ 1925ರಲ್ಲಿಯೇ ಸೀರಂ ಸಂಸ್ಥೆ ಸ್ಥಾಪನೆಗೊಂಡಿತ್ತು. 1958ರಲ್ಲಿ ಅಲ್ಲಿಯೇ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಹಿಂಡುಹಿಂಡಾಗಿ ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗದಂತಹ ಪಿಡುಗುಗಳನ್ನು ತಡೆಯುವುದೇ ಅಂದಿನ ಮುಖ್ಯ ಕಾರ್ಯ. ಅದರ ಮುಂದೆ ನಾಯಿಯ ಹಲ್ಲು ಯಾರಿಗೆ ನೆನಪಾದೀತು? ಅದನ್ನು ತಪ್ಪೆನ್ನುವಂತಿಲ್ಲ. ಪ್ರಾಣಿದಂತವೈದ್ಯವನ್ನೇ ವಿಶೇಷ ಶಾಸ್ತ್ರವಾಗಿ ಅಂಗೀಕರಿಸಿದ ಅಮೆರಿಕದ ಮಂಡಳಿ ಸ್ಥಾಪಿತವಾದುದೂ 1988ರಲ್ಲಿ. ಬೀದಿಯ ಪ್ರಾಣಿಗಳಿಗಾಗಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧ ಮಹಿಳೆ ಬೆಂಗಳೂರಿನಲ್ಲಿ ‘ಕೂಪಾ’ ಸಂಸ್ಥೆಯನ್ನು ಹುಟ್ಟುಹಾಕಿದ್ದು 1991ರಲ್ಲಿ. ಇಂದಿರಾನಗರದಂತಹ ಬಡಾವಣೆಗಳಲ್ಲಿ ನಾಯಿ ಕಾವಲಿನ ಕೆಲಸ ಬಿಟ್ಟು ಮನೆಯೊಳಗಿನ ಸದಸ್ಯನಾದದ್ದೂ, ಖಾಸಗಿ ಪ್ರಾಣಿಚಿಕಿತ್ಸಾಲಯಗಳು ಹೆಚ್ಚಿದ್ದೂ ಆ ಬಳಿಕದ ದಶಕಗಳ ಬೆಳವಣಿಗೆ.

ಈಗಿನ ಕಹಿ ಅನುಭವದ ಸ್ವರೂಪ ಹೀಗಿರುತ್ತದೆ. ಬಾಯಿ ನಾರುತ್ತದೆಂದು ನಾಯಿಯನ್ನು ಒಯ್ದವರಿಗೆ ಹಲ್ಲು ಶುಚಿಮಾಡಿಸಬೇಕೆಂದು ಹೇಳಿ ಒಂದು ಮೊತ್ತ ತಿಳಿಸುತ್ತಾರೆ. ಸಂಜೆ ಕರೆತರಲು ಹೋದಾಗ ನಾಲ್ಕೈದು ಹಲ್ಲು ಕಿತ್ತಿರುತ್ತಾರೆ, ಬಿಲ್ಲು ಇಮ್ಮಡಿಯಾಗಿರುತ್ತದೆ. ಇದೆಲ್ಲ ವಂಚನೆಯೆಂದು ಒಮ್ಮೆಗೇ ತೀರ್ಮಾನಿಸುವುದು ಅನ್ಯಾಯ. ನಾಯಿಗೆ 42 ಹಲ್ಲು. ರೋಗವಿರುವುದು ಹೆಚ್ಚಾಗಿ ಒಸಡಿನ ಕೆಳಗೆ. ಅರಿವಳಿಕೆ ಕೊಟ್ಟು ಎಕ್ಸ್‌ರೇ ತೆಗೆದ ಮೇಲೆಯೇ ಅದರ ಆಳ ತಿಳಿಯುತ್ತದೆ. ಮೇಲ್ದವಡೆಯ ದೊಡ್ಡ ಹಲ್ಲಿಗೆ ಮೂರು ಬೇರು, ಅದನ್ನು ಸೀಳಿ ಒಂದೊಂದಾಗಿ ತೆಗೆಯಬೇಕು. ಅರಿವಳಿಕೆಯಿಲ್ಲದೆ ಅಗ್ಗದಲ್ಲಿ ಹಲ್ಲು ಉಜ್ಜಿಕೊಡುವವರಿದ್ದಾರೆ. ಅದರಿಂದ ಹೊರಗಣ ಹಲ್ಲು ಹೊಳೆಯುತ್ತದೆ, ಒಳಗಣ ರೋಗ ಹಾಗೆಯೇ ಇರುತ್ತದೆ. ಹೆದರಿದ ಪ್ರಾಣಿಯನ್ನು ಬಲವಂತವಾಗಿ ಹಿಡಿದಿಡುವುದೂ ಹಿಂಸೆಯೇ.

ಆದರೆ ಮುಂಚಿತವಾಗಿ ಹೇಳದಿರುವುದಕ್ಕೆ ಇದಾವುದೂ ಸಮಾಧಾನವಾಗದು. ಹೆಚ್ಚೆಂದರೆ ಎಷ್ಟಾದೀತೆಂದು ಬರವಣಿಗೆಯಲ್ಲಿ ಕೊಡುವುದು, ಹಲ್ಲು ಕೀಳುವ ಮೊದಲು ದೂರವಾಣಿಯಲ್ಲಿ ಒಪ್ಪಿಗೆ ಪಡೆಯುವುದು, ಎಕ್ಸ್‌ರೇಯನ್ನು ತೋರಿಸಿ ವಿವರಿಸುವುದು ವೈದ್ಯರಿಗೆ ಕಷ್ಟದ ಕೆಲಸವಲ್ಲ. ಕೇಳಿ ಪಡೆಯುವುದು ಗೃಹಸ್ಥರ ಹಕ್ಕು. ಇದು ನಡೆಯದಲ್ಲಿ ನಿಜವಾದ ನಷ್ಟ ಹಣದ್ದಲ್ಲ. ಒಮ್ಮೆ ನೊಂದ ಮನೆಯವರು ಮತ್ತೆ ಚಿಕಿತ್ಸಾಲಯದ ಮೆಟ್ಟಿಲು ಹತ್ತುವುದಿಲ್ಲ. ಅದರ ದಂಡವನ್ನು ತೆರುವುದು ಮಾತನಾಡಲಾರದ ಪ್ರಾಣಿ. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಾಗಲಿ ಹೆಬ್ಬಾಳದ ಕಾಲೇಜಿನ ಆಸ್ಪತ್ರೆಯಾಗಲಿ ಇದೆಯೆಂಬುದನ್ನೇ ಇಂಥವರಲ್ಲಿ ಹಲವರು ಮರೆತಿರುತ್ತಾರೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳೂ ಸೇರಿವೆ. ಮೊದಲನೆಯದನ್ನು ಕುರಿತು ಜಟಕಾ ಕಾಲದಲ್ಲಿ ಎಷ್ಟೋ ಮಾತು ನಡೆದೀತು. ಎರಡನೆಯದನ್ನು ಮೇವು ನೀರು ಕೊಡದಿರುವುದೆಂದಷ್ಟೇ ತಿಳಿಯುವುದು ರೂಢಿ. ಮುಂದೆ ತಟ್ಟೆಯಿದ್ದೂ ಬಾಯಿನೋವಿನಿಂದ ತಿನ್ನಲಾರದ ನಾಯಿಗೂ ಖಾಲಿ ಗೋದಲಿಯ ಮುಂದೆ ಕಟ್ಟಿದ ಹಸುವಿಗೂ ಹಸಿವಿನಲ್ಲಿ ಭೇದವೇನಿದೆ? ಉದ್ದೇಶವಿಲ್ಲದ ಉಪೇಕ್ಷೆಯನ್ನು ಅತಿಚಾರವೆನ್ನಬಹುದೇ ಎಂಬುದನ್ನು ಪಂಡಿತರು ವಿಚಾರಿಸಲಿ, ಪ್ರಮಾದವೆನ್ನಲು ಅಡ್ಡಿಯಿಲ್ಲ.

ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳಿಗೆ ಈ ವಿಚಾರ ಇನ್ನೂ ಹತ್ತಿರದ್ದು. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲು ಇರುವುದಿಲ್ಲ; ಕೆಳಗಿನ ಎಂಟರಲ್ಲಿಯೇ ಅದು ಹುಲ್ಲು ಹಿಡಿಯಬೇಕು. ಗೋಶಾಲೆಗೆ ಬರುವ ಮುದಿ ಹಸುಗಳಲ್ಲಿ ಇವು ಸವೆದು, ಅಲುಗಾಡಿ, ಉದುರಿರುತ್ತವೆ. ಉದ್ದನೆಯ ಒಣಹುಲ್ಲನ್ನು ಅವುಗಳ ಮುಂದೆ ರಾಶಿ ಹಾಕಿದರೆ ದಾನಿಯ ಕಣ್ಣು ತಣಿಯುತ್ತದೆ, ಹಸುವಿನ ಹೊಟ್ಟೆ ತುಂಬುವುದಿಲ್ಲ. ಬಂದ ದಿನವೇ ಬಾಯಿ ಪರೀಕ್ಷಿಸಿ, ಹಲ್ಲು ಹೋದವುಗಳನ್ನು ಬೇರೆ ಕಟ್ಟಿ, ಸಣ್ಣಗೆ ಕತ್ತರಿಸಿದ ಹಸಿಮೇವನ್ನೂ ನೆನೆಸಿದ ಬೂಸಾವನ್ನೂ ಕೊಡುವುದಕ್ಕೆ ಬೇಕಾದುದು ಒಂದು ಮೇವು ಕತ್ತರಿಸುವ ಯಂತ್ರ, ತಿಳಿದ ಒಬ್ಬ ಆಳು ಮತ್ತು ತಿಂಗಳಿಗೊಮ್ಮೆ ಬಂದು ಬಾಯಿ ನೋಡುವ ಪಶುವೈದ್ಯ.